ಧಾರವಾಡ ಗ್ರಾಮಾಂತರದಲ್ಲಿ ಸಮಾಜವಿಜ್ಞಾನ ಸಂಶೋಧನೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಲ್ಲೂ ಅವುಗಳ ಸುತ್ತಲ ಹಳ್ಳಿಗಳಲ್ಲೂ ಶಿಕ್ಷಣ, ಆರೋಗ್ಯ ಮತ್ತು ಸರ್ಕಾರಿ ಧೋರಣೆಗಳ ಕುರಿತು ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ನಡೆದ ಅಧ್ಯಯನಗಳ ಇತಿಹಾಸ ಇದು. ಈ ಇತಿಹಾಸಕ್ಕೆ ಒಂದು ವಿಚಿತ್ರ ತೊಡಕಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 18,47,023. ಅದರಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪಾಲೇ ಸುಮಾರು 9.43 ಲಕ್ಷ. ಹಾಗಾಗಿ ಜಿಲ್ಲೆಯ ಸಾಕ್ಷರತೆ ಶೇ. 80 ಎಂದಾಗ ಅರ್ಧಕ್ಕಿಂತ ಹೆಚ್ಚು ಪಾಲು ಶಹರದ ಲೆಕ್ಕವೇ ಆಯಿತು. ಸಂಶೋಧನಾ ಸಂಸ್ಥೆಗಳೆಲ್ಲ ಧಾರವಾಡ ಪಟ್ಟಣದಲ್ಲಿವೆ, ಹಳ್ಳಿಗಳು ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಆದರೂ ಜಿಲ್ಲೆಯ ಸರಾಸರಿಯ ಕೆಳಗೆ ಇಳಿದು ತಾಲ್ಲೂಕನ್ನು, ಊರನ್ನು, ಮನೆಯನ್ನು ನೋಡಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

‘ಗ್ರಾಮೀಣ ಧಾರವಾಡ’ ಎಂದು ಒಟ್ಟಾಗಿ ಕರೆಯುವುದೂ ಅನುಕೂಲಕ್ಕಷ್ಟೇ. ನವಲಗುಂದ, ಅಣ್ಣಿಗೇರಿ ಕಡೆ ದಟ್ಟ ಎರೆಭೂಮಿ. ಹತ್ತಿ, ಕಡಲೆ, ಹೆಸರು, ಜೋಳದ ಸೀಮೆ. ಬೆಣ್ಣಿಹಳ್ಳ ಒಮ್ಮೆ ಉಕ್ಕಿ ಹೊಲ ನುಂಗುತ್ತದೆ, ಉಳಿದ ದಿನ ಒಣಗಿರುತ್ತದೆ. ಬಾವಿ ತೋಡಿದರೆ ಸವಳು ನೀರು, ಕುಡಿಯಲು ಕೆರೆಯೇ ಗತಿ. ಕುಂದಗೋಳದ್ದು ಮೆಣಸಿನಕಾಯಿ, ಹತ್ತಿ, ಶೇಂಗಾ. ಕಲಘಟಗಿ ಮಲೆನಾಡಿನ ಸೆರಗು: ಭತ್ತದ ಗದ್ದೆ, ಕಾಡಿನಂಚು, ಸಿದ್ದಿ ಮತ್ತು ಗೌಳಿ ಸಮುದಾಯದ ವಸತಿಗಳು. ಶಾಲೆಗೆ ಮಗು ಬಾರದಿರುವುದಕ್ಕೆ ನವಲಗುಂದದಲ್ಲಿ ಇರುವ ಕಾರಣವೇ ಕಲಘಟಗಿಯಲ್ಲಿ ಇರಬೇಕೆಂದಿಲ್ಲ.

ವ್ಯವಸ್ಥಿತ ದಾಖಲೆಯ ಮೊದಲ ಹೆಜ್ಜೆ ವಸಾಹತು ಆಡಳಿತದ್ದು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿ ಗ್ಯಾಸೆಟಿಯರ್ ಮಾಲೆಯ ಧಾರವಾಡ ಸಂಪುಟ 1884ರಲ್ಲಿ ಹೊರಬಂತು. 1876–78ರ ಬರದ ಪೆಟ್ಟಿನಿಂದ ಜಿಲ್ಲೆ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. 1872ಕ್ಕೂ 1881ಕ್ಕೂ ನಡುವೆ ಜನಸಂಖ್ಯೆ ಲಕ್ಷದ ಹತ್ತಿರ ಕುಸಿದಿತ್ತು. ನವಲಗುಂದ, ಕಲಘಟಗಿಗಳು ಆ ಸಂಪುಟದಲ್ಲಿ ತಾಲ್ಲೂಕುಗಳಾಗಿ ಬರುತ್ತವೆ. ಅಣ್ಣಿಗೇರಿ ನವಲಗುಂದದ ಒಂದು ಊರು. ಕುಂದಗೋಳ ಮಾತ್ರ ಆ ಲೆಕ್ಕದಲ್ಲಿ ಸೇರಿಲ್ಲ. ಅದು ಆಗ ಜಮಖಂಡಿ ಸಂಸ್ಥಾನದ ಪಟವರ್ಧನರ ಆಡಳಿತದಲ್ಲಿದ್ದ, ಬ್ರಿಟಿಷ್ ಸೀಮೆಯ ನಡುವಿನ ಪ್ರತ್ಯೇಕ ತುಂಡು. ಧಾರವಾಡದ ಹಳೆಯ ಅಂಕಿಗಳನ್ನು ಇಂದಿನ ಜಿಲ್ಲೆಯೊಂದಿಗೆ ನೇರವಾಗಿ ಹೋಲಿಸುವವರು ಮೊದಲು ಎಡವುವುದು ಇಲ್ಲಿಯೇ. 1948ರ ವಿಲೀನದ ನಂತರವೇ ಕುಂದಗೋಳ ಜಿಲ್ಲೆಯ ಲೆಕ್ಕದ ಪುಸ್ತಕಕ್ಕೆ ಬಂತು.

ಒಂದು ಸರ್ಕಾರಿ ಕ್ರಮದಿಂದ ನಿಜಕ್ಕೂ ಪ್ರಯೋಜನವಾಯಿತೆ ಎಂದು ಲೆಕ್ಕ ಹಾಕಿ ನೋಡಿದ ಆರಂಭಿಕ ಉದಾಹರಣೆ ಪ್ಲೇಗಿನದು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂಬ ಹೋಲಿಕೆಯನ್ನು ಅಧಿಕಾರಿಗಳು ಇಟ್ಟರು. ಆ ಅಂಕಿಗಳು ಮುಂದೆ ಪ್ಲೇಗ್ ಆಯೋಗದ ಚರ್ಚೆಗೂ ಹೋದವು. ಸಂಶೋಧನೆ ಎಂಬ ಹೆಸರು ಅದಕ್ಕಿರಲಿಲ್ಲ, ಲಕ್ಷಣ ಇತ್ತು.

ಸ್ವಾತಂತ್ರ್ಯಪೂರ್ವ ಕಾಲದ ಅತ್ಯಂತ ಮಹತ್ವದ ಕೆಲಸ ಯಾವ ವರದಿಯಾಗಿಯೂ ಶುರುವಾಗಲಿಲ್ಲ. ಕೊಲ್ಹಾಪುರ ಸೀಮೆಯ ಬಹಿರೇವಾಡಿಯಲ್ಲಿ 1907ರಲ್ಲಿ ಹುಟ್ಟಿದ ಜೆ.ಪಿ. ನಾಯಕರು ಕಾನೂನುಭಂಗ ಚಳವಳಿಯಲ್ಲಿ ಬಂಧಿತರಾಗಿ ಬಳ್ಳಾರಿ ಜೈಲು ಸೇರಿದರು. ಅಲ್ಲಿ ಕನ್ನಡ ಕಲಿತರು, ಜೈಲಿನ ಆಸ್ಪತ್ರೆಯಲ್ಲಿ ದುಡಿಯುತ್ತ ರೋಗಿಗಳ ಆರೈಕೆಯನ್ನೂ ಕಲಿತರು. 1933ರಲ್ಲಿ ಹೊರಬಂದವರು ನೆಲೆ ನಿಂತದ್ದು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ. 1937ರವರೆಗೆ ಆ ಊರಿನಲ್ಲಿದ್ದು ಶಾಲೆ, ರಸ್ತೆ, ನೈರ್ಮಲ್ಯ, ರೋಗಿಗಳ ಶುಶ್ರೂಷೆ ಎಲ್ಲಕ್ಕೂ ಕೈಹಾಕಿದರು. ಹಳ್ಳಿಯಲ್ಲಿ ಶಾಲೆಯ ಸಮಸ್ಯೆ ಶಾಲೆಯೊಳಗೆ ಮುಗಿಯುವುದಿಲ್ಲ. ಮಗುವಿಗೆ ಜ್ವರ ಬಂದರೆ, ಸುಗ್ಗಿ ಬಂದರೆ, ರಸ್ತೆ ಕೆಸರಾದರೆ ಹಾಜರಿ ಪುಸ್ತಕ ಖಾಲಿ. ಶಿಕ್ಷಣ, ಆರೋಗ್ಯ, ಆಡಳಿತ ಮೂರನ್ನೂ ಕೂಡಿಸಿ ನೋಡುವ ನಾಯಕರ ಮುಂದಿನ ಬರಹಗಳ ಬೇರು ಈ ನಾಲ್ಕು ವರ್ಷಗಳಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಆ ಮುಂದಿನ ಕಥೆ ರಾಷ್ಟ್ರಮಟ್ಟದ್ದು. 1948ರಲ್ಲಿ ಮುಂಬೈಯಲ್ಲಿ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು (ಅದು 1976ರಲ್ಲಿ ಪುಣೆಗೆ ಹೋಯಿತು). 1964–66ರ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ-ಕಾರ್ಯದರ್ಶಿಯಾದರು. 1969ರಲ್ಲಿ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಹುಟ್ಟಿದಾಗ ಅದರ ಮೊದಲ ಸದಸ್ಯ-ಕಾರ್ಯದರ್ಶಿಯೂ ಅವರೇ. ಈ ಮಂಡಳಿ ವೈದ್ಯಕೀಯ ಸಂಶೋಧನಾ ಮಂಡಳಿಯೊಂದಿಗೆ ಸೇರಿ ರೂಪಿಸಿದ ‘ಎಲ್ಲರಿಗೂ ಆರೋಗ್ಯ’ ವರದಿಯ ಹಿಂದೆಯೂ ಅವರಿದ್ದರು; ಆಸ್ಪತ್ರೆ ಕೇಂದ್ರಿತ ವ್ಯವಸ್ಥೆಯ ಬದಲು ಹಳ್ಳಿಯಿಂದಲೇ ಮೇಲಕ್ಕೆ ಕಟ್ಟುವ ಆರೋಗ್ಯ ಸೇವೆಯನ್ನು ಅದು ಪ್ರತಿಪಾದಿಸಿತು. ಅವರು ತೀರಿಕೊಂಡದ್ದು 1981ರಲ್ಲಿ. ಯುನೆಸ್ಕೊ ಪಟ್ಟಿಮಾಡಿದ ಜಗತ್ತಿನ ನೂರು ಶಿಕ್ಷಣ ಚಿಂತಕರಲ್ಲಿ ಗಾಂಧಿ, ಟ್ಯಾಗೋರರ ಜೊತೆ ನಾಯಕರ ಹೆಸರಿದೆ. ಉಪ್ಪಿನಬೆಟಗೇರಿಯ ಹೆಸರು ಮಾತ್ರ ಧಾರವಾಡದಲ್ಲೇ ಎಷ್ಟೋ ಮಂದಿಗೆ ಈ ಕಾರಣಕ್ಕೆ ನೆನಪಾಗುವುದಿಲ್ಲ.

1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬೈಯಿಂದ ಧಾರವಾಡಕ್ಕೆ ಸ್ಥಳಾಂತರಗೊಂಡ ಮೇಲೆ ಹಳ್ಳಿಯ ಅಧ್ಯಯನಕ್ಕೆ ಪಾಂಡಿತ್ಯದ ನೆಲೆ ಸಿಕ್ಕಿತು. ಸಮಾಜಶಾಸ್ತ್ರಜ್ಞ ಕೆ. ಈಶ್ವರನ್ ಧಾರವಾಡದ ಬಳಿಯ ಒಂದು ಹಳ್ಳಿಯನ್ನು ‘ಶಿವಾಪುರ’ ಎಂಬ ಕಲ್ಪಿತ ಹೆಸರಿನಲ್ಲಿ ಅಭ್ಯಾಸ ಮಾಡಿ 1966 ಮತ್ತು 1968ರಲ್ಲಿ ಇಂಗ್ಲಿಷಿನಲ್ಲಿ ಎರಡು ಗ್ರಂಥಗಳನ್ನು ಪ್ರಕಟಿಸಿದರು. ಆಯಗಾರರ ವಂಶಪಾರಂಪರ್ಯ ಕೊಡುಕೊಳ್ಳುವಿಕೆ ಹೊಸ ಮಾರುಕಟ್ಟೆಯ ಪಕ್ಕದಲ್ಲೇ ಹೇಗೆ ಬಾಳುತ್ತದೆ ಎಂಬ ವಿವರ ಅವುಗಳಲ್ಲಿ ಸೊಗಸಾಗಿದೆ. ಆದರೆ ಊರಿನ ಹೆಸರು ಮರೆಸಿದ, ಇಂಗ್ಲಿಷಿನಲ್ಲಿರುವ ಪುಸ್ತಕವನ್ನು ಆ ಊರಿನವರೇ ಓದಿ ‘ಇದು ಹೀಗಲ್ಲ’ ಎನ್ನುವ ಅವಕಾಶ ಇರಲಿಲ್ಲ. ಆ ತಲೆಮಾರಿನ ಗ್ರಾಮಾಧ್ಯಯನಗಳ ಸಾಮಾನ್ಯ ಕೊರತೆ ಇದು. ಅದೇ ವಿಶ್ವವಿದ್ಯಾಲಯದ ಟಿ.ಸಿ. ಪಾಲಾಕ್ಷಪ್ಪ 1970ರ ದಶಕದಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನೂ ಕಲಘಟಗಿಯ ಗಡಿಗೆ ಹೊಂದಿಕೊಂಡ ಮುಂಡಗೋಡದ ಟಿಬೆಟನ್ನರನ್ನೂ ಕುರಿತು ಬರೆದರು.

ಜನತಾ ಶಿಕ್ಷಣ ಸಮಿತಿಯ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಶುರುವಾದ ಜನಸಂಖ್ಯಾ ಸಂಶೋಧನಾ ಕೇಂದ್ರ ಇನ್ನೊಂದು ಮೈಲಿಗಲ್ಲು. ಕೇಂದ್ರ ಆರೋಗ್ಯ ಸಚಿವಾಲಯದ ನೆರವಿನಿಂದ ನಡೆಯುವ ಇಂಥ ಕೇಂದ್ರ ಕರ್ನಾಟಕದಲ್ಲಿ ಇರುವುದು ಎರಡೇ, ಇನ್ನೊಂದು ಬೆಂಗಳೂರಿನದು. ವಿಶ್ವಸಂಸ್ಥೆಯ ಸಹಯೋಗದಲ್ಲಿ 1951–52ರಲ್ಲಿ ನಡೆದ ಪ್ರಸಿದ್ಧ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ ಧಾರವಾಡಕ್ಕೆ ಜಾಗವಿರಲಿಲ್ಲ, ಏಕೆಂದರೆ ಜಿಲ್ಲೆ ಆಗ ಮುಂಬಯಿ ರಾಜ್ಯದ್ದು. ಆ ಕೊರತೆಯನ್ನು ಈ ಕೇಂದ್ರ ತುಂಬತೊಡಗಿತು. ಜನನ-ಮರಣ ನೋಂದಣಿ ನೆಚ್ಚುವಂತಿಲ್ಲದ ದಿನಗಳಲ್ಲಿ ಕ್ಷೇತ್ರಕಾರ್ಯಕರ್ತರು ಮೊದಲು ತಡವರಿಸುತ್ತಿದ್ದುದು ವಯಸ್ಸಿನ ಪ್ರಶ್ನೆಗೆ. ಮುದುಕಿಗೆ ‘ಎಷ್ಟು ವಯಸ್ಸು’ ಎಂದರೆ ಉತ್ತರ ‘ಯಾರಿಗೆ ಗೊತ್ತರೀ, ಬರೆದು ಇಟ್ಟೇವೇನು?’ ಅದಕ್ಕೇ ಜನಸಂಖ್ಯಾ ಸಮೀಕ್ಷೆಗಳಲ್ಲಿ ಘಟನೆಗಳ ಪಂಚಾಂಗ ಇಟ್ಟುಕೊಳ್ಳುತ್ತಾರೆ: ಪ್ಲೇಗಿನ ವರ್ಷ, ಗಾಂಧಿ ಸತ್ತ ವರ್ಷ, ಕಾಲುವೆಗೆ ನೀರು ಬಂದ ವರ್ಷ. ‘ಆಗ ನೀವು ಮದುವೆಯಾಗಿದ್ರೇನು? ಹಿರಿ ಮಗ ನಡೀತಿದ್ನೇನು?’ ಎಂದು ಕೇಳುತ್ತ ಹೋದರೆ ವಯಸ್ಸೊಂದು ಹೊರಬೀಳುತ್ತದೆ. ಈಚೆಗೆ ಇಂಥ ಕೇಂದ್ರಗಳ ತಂಡಗಳಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೇಲ್ವಿಚಾರಣೆಯೂ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತು ಹೆರಿಗೆ ದಾಖಲೆ ಪುಸ್ತಕದ ಸಾಲುಗಳನ್ನು ಎಣಿಸಿ, ಗಣಕಯಂತ್ರದಲ್ಲಿ ಮೇಲಕ್ಕೆ ಹೋದ ಸಂಖ್ಯೆ ಅದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವ ಒಣ ಕೆಲಸ ಅದು. ಅಂಕಿಗಳ ಮೇಲೆ ನಂಬಿಕೆ ಇಡಬೇಕಾದರೆ ಅದಕ್ಕಿಂತ ಮುಖ್ಯ ಕೆಲಸ ಇನ್ನೊಂದಿಲ್ಲ.

ಸರ್ಕಾರಿ ಧೋರಣೆಗಳ ಅಧ್ಯಯನಕ್ಕೆ ಈ ಪ್ರದೇಶ ಹೆಸರಾದದ್ದು 1980ರ ಜುಲೈ 21ರಂದು. ನವಿಲುತೀರ್ಥದ ಮಲಪ್ರಭಾ ಅಣೆಕಟ್ಟಿನ ಕಾಲುವೆ ನವಲಗುಂದ, ಅದರ ನೆರೆಯ ನರಗುಂದದ ಕಡೆಗೆ ಬಂದಿತ್ತು. ನೀರು ಹರಿದರೂ ಹರಿಯದಿದ್ದರೂ ಭೂಮಿಯ ಬೆಲೆ ಏರಿತೆಂದು ಸರ್ಕಾರ ಅಭಿವೃದ್ಧಿ ಕರ ಕೇಳಿತು. ಎರೆಭೂಮಿ ನೀರು ಬಸಿಯದೆ ಜವಳು ಹಿಡಿಯುತ್ತಿತ್ತು. ಅದೇ ಹೊತ್ತಿಗೆ, ಧಾರವಾಡದಲ್ಲೇ ಬಿ.ಎಚ್. ಕಟರ್ಕಿ ರೂಪಿಸಿದ ವರಲಕ್ಷ್ಮಿ ಹತ್ತಿಯನ್ನು ಸಾಲ ಮಾಡಿ ಬೆಳೆದವರಿಗೆ ಬೆಲೆ ಕೈಕೊಟ್ಟಿತು. ಚಳವಳಿ ಎದ್ದಿತು, ಅಂದು ಗೋಲಿಬಾರ್ ಆಯಿತು, ರೈತರು ಸತ್ತರು. ರಾಜ್ಯದ ರೈತ ಸಂಘಟನೆಗೆ ಅದು ಕಿಡಿಯಾಯಿತು. ಎಂ.ವಿ. ನಾಡಕರ್ಣಿಯವರ ‘ಫಾರ್ಮರ್ಸ್ ಮೂವ್‌ಮೆಂಟ್ಸ್ ಇನ್ ಇಂಡಿಯಾ’ (1987) ಈ ಬಗೆಯ ಚಳವಳಿಗಳನ್ನು ಬೆಲೆ, ಸಾಲ, ವರ್ಗಗಳ ಲೆಕ್ಕದಲ್ಲಿ ವಿಶ್ಲೇಷಿಸಿದ ಮುಖ್ಯ ಕೃತಿ. ನೀರಾವರಿ ಯೋಜನೆಯ ಲಾಭ-ಖರ್ಚಿನ ಕೋಷ್ಟಕದಲ್ಲಿ ಮಣ್ಣಿನ ಗುಣಕ್ಕೂ ಮಾರುಕಟ್ಟೆಯ ಬೆಲೆಗೂ ಕೊಡಬೇಕಾದ ಜಾಗ ಕೊಟ್ಟಿರಲಿಲ್ಲ ಎಂಬುದು ಗೋಲಿಬಾರಿನ ನಂತರ ಎಲ್ಲರಿಗೂ ಕಂಡಿತು, ಮೊದಲೇ ನೋಡಬಹುದಾಗಿತ್ತು. ನೀರಿನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಕಳಸಾ-ಬಂಡೂರಿ ಹೋರಾಟದ ಕೇಂದ್ರವೂ ನವಲಗುಂದ, ನರಗುಂದಗಳೇ ಆದವು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು.

ಜೆ.ಪಿ. ನಾಯಕರು ಕಟ್ಟಿದ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ ಎಳೆ ಧಾರವಾಡಕ್ಕೆ ಮರಳಿದ್ದು ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರದ (ಸಿಎಂಡಿಆರ್) ಮೂಲಕ. ಇದನ್ನು ಕಟ್ಟಿದವರು ಅರ್ಥಶಾಸ್ತ್ರಜ್ಞ ಪಿ.ಆರ್. ಪಂಚಮುಖಿ; ಮುಂಬೈ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ನಾಯಕರ ಪುಣೆ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಕೇಂದ್ರವು ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ ಮಾನ್ಯತೆ ಪಡೆಯಿತು. ಶಿಕ್ಷಣದ ಅರ್ಥಶಾಸ್ತ್ರ, ಆರೋಗ್ಯದ ವೆಚ್ಚ, ವಿಕೇಂದ್ರೀಕರಣ ಇದರ ಮುಖ್ಯ ಕ್ಷೇತ್ರಗಳು. ಶಿಕ್ಷಣದ ಅರ್ಥಶಾಸ್ತ್ರ ಕೇಳುವ ಪ್ರಶ್ನೆ ಸರಳ: ಉಚಿತ ಶಾಲೆಗೆ ಮನೆಯವರು ನಿಜಕ್ಕೂ ಎಷ್ಟು ತೆರುತ್ತಾರೆ? ಶುಲ್ಕವಿಲ್ಲದಿದ್ದರೂ ಬಟ್ಟೆ, ಬಸ್ಸು, ಪಟ್ಟಿ-ಪೆನ್ನು ಇವೆ. ಎಲ್ಲಕ್ಕಿಂತ ದೊಡ್ಡದು ಕೈಬಿಟ್ಟ ಕೂಲಿ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಹನ್ನೆರಡು ವರ್ಷದ ಹುಡುಗಿಯ ಹಾಜರಿ ಬೀಳುವುದನ್ನು ಈ ಲೆಕ್ಕ ಸೇರಿಸದೆ ಅರ್ಥಮಾಡಿಕೊಳ್ಳಲಾಗದು.

ಹಿಂದುಳಿದಿರುವಿಕೆಯನ್ನು ತಾಲ್ಲೂಕಿನ ಮಟ್ಟದಲ್ಲಿ ಅಳೆದದ್ದು ಡಿ.ಎಂ. ನಂಜುಂಡಪ್ಪ ಸಮಿತಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿ ಅಲ್ಲಿಯೇ ಕುಲಪತಿಯೂ ಆಗಿದ್ದ ನಂಜುಂಡಪ್ಪನವರು 2002ರಲ್ಲಿ ಸಲ್ಲಿಸಿದ ವರದಿ, 35 ಸೂಚಕಗಳ ಆಧಾರದ ಮೇಲೆ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. 1997ರಲ್ಲಿ ಗದಗ, ಹಾವೇರಿ ಬೇರೆಯಾದ ಮೇಲೆ ಉಳಿದ ಧಾರವಾಡ ಜಿಲ್ಲೆಯಲ್ಲಿ ಕಲಘಟಗಿ, ಕುಂದಗೋಳ, ನವಲಗುಂದ ಮೂರೂ ಆ ಪಟ್ಟಿಯಲ್ಲಿದ್ದವು. ಹುಬ್ಬಳ್ಳಿ, ಧಾರವಾಡ ಇರಲಿಲ್ಲ. ಜಿಲ್ಲೆಯನ್ನು ಮುಂದುವರಿದದ್ದೆಂದು ಎಣಿಸುತ್ತ ಬಂದ ಅಧಿಕಾರಿಗಳಿಗೆ ಇದಕ್ಕಿಂತ ನೇರ ಉತ್ತರ ಬೇರೆ ಬೇಕಿರಲಿಲ್ಲ. ವರದಿ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿತು. ಹಣ ಎಷ್ಟು ಬಿಡುಗಡೆಯಾಯಿತು, ಎಲ್ಲಿ ಖರ್ಚಾಯಿತು ಎಂಬ ವಾದ ಇಂದಿಗೂ ಉತ್ತರ ಕರ್ನಾಟಕದ ರಾಜಕೀಯದಲ್ಲಿ ಜೀವಂತ.

ಶಾಲೆಯ ವಿಷಯದಲ್ಲಿ ಮಾಪನ ಮೊದಲು ಕಟ್ಟಡ, ದಾಖಲಾತಿಗಳದ್ದಾಗಿತ್ತು. 1990ರ ದಶಕದ ಕೊನೆಗೆ ಧಾರವಾಡವನ್ನೂ ಒಳಗೊಂಡ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಎರಡನೇ ಹಂತದ ಜೊತೆ ಕಲಿಕೆಯ ಆರಂಭಿಕ ಮಟ್ಟ ಅಳೆಯುವ ಪರಿಪಾಠ ಬಂತು. 2005ರಿಂದ, ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಮಗುವನ್ನು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ ಮಾತನಾಡಿಸತೊಡಗಿತು. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಕಟ್ಟೆಯ ಮೇಲೆ ಕುಳಿತ ಮಗುವಿನ ಕೈಗೆ ಒಂದು ಹಾಳೆ: ಅಕ್ಷರ, ಪದ, ನಾಲ್ಕು ಸಾಲಿನ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ. ಮಗು ಪರಿಚ್ಛೇದವನ್ನು ಸರಾಗ ಓದಿದರೆ ಕಥೆ, ತೊದಲಿದರೆ ಪದ. ಐದನೇ ತರಗತಿಯವರು ಎರಡನೇ ತರಗತಿಯ ಕಥೆಯಲ್ಲಿ ನಿಲ್ಲುವುದನ್ನು ಊರವರೇ ಎದುರು ನಿಂತು ನೋಡಿದ್ದು, ಯಾವ ಕೋಷ್ಟಕಕ್ಕಿಂತಲೂ ಹೆಚ್ಚು ಪರಿಣಾಮ ಮಾಡಿತು. ಆರೋಗ್ಯದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015–16ರ ಸುತ್ತಿನಿಂದ ಜಿಲ್ಲಾವಾರು ಅಂಕಿ ಕೊಡುತ್ತದೆ. ಆದರೆ ಸರಾಸರಿ ಜಿಲ್ಲೆಗೆ ಒಂಬೈನೂರರಷ್ಟು ಮನೆಗಳ ಮಾದರಿಯಿಂದ ಕುಂದಗೋಳದ ರಕ್ತಹೀನತೆಯನ್ನೋ ಕಲಘಟಗಿಯ ಹೆರಿಗೆಗಳನ್ನೋ ಬೇರೆ ಮಾಡಿ ಹೇಳುವುದು ಸಾಧ್ಯವಿಲ್ಲ.

ಎಣಿಕೆಯ ಘಟಕ ಬದಲಾದರೆ ಹಕ್ಕೂ ಬದಲಾಗುತ್ತದೆ ಎಂಬುದಕ್ಕೆ ಕಲಘಟಗಿಯ ಸಿದ್ದಿಗಳು ಸಾಕ್ಷಿ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಗಡಿಯ ಈಚೆ ಧಾರವಾಡ ಜಿಲ್ಲೆಯಲ್ಲಿದ್ದ ಅವರ ಬಂಧುಗಳಿಗೆ ಅದೇ ಸ್ಥಾನ ಸಿಗಲು 2020ರವರೆಗೆ ಕಾಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲ್ ಎಲ್ಲವೂ ಜಿಲ್ಲೆಯ ಗೆರೆಯ ಮೇಲೆ ನಿಂತಿದ್ದವು. ಅಣ್ಣಿಗೇರಿಯ ತೊಡಕು ಬೇರೆ ಬಗೆಯದು. ನವಲಗುಂದದಿಂದ ಬೇರ್ಪಟ್ಟು ಅದು ಪ್ರತ್ಯೇಕ ತಾಲ್ಲೂಕಾದದ್ದು 2011ರ ಜನಗಣತಿ ಮುಗಿದು ಎಷ್ಟೋ ವರ್ಷಗಳ ಮೇಲೆ. ಹೊಸ ಜನಗಣತಿಯ ಕೋಷ್ಟಕಗಳು ಪ್ರಕಟವಾಗುವವರೆಗೆ ಅಣ್ಣಿಗೇರಿಯ ಸಾಕ್ಷರತೆಯನ್ನೋ ಲಿಂಗಾನುಪಾತವನ್ನೋ ಹುಡುಕುವವರು ನವಲಗುಂದದ ಹಳ್ಳಿಪಟ್ಟಿಯನ್ನು ಮುಂದಿಟ್ಟುಕೊಂಡು ಊರೂರಾಗಿ ಕೂಡಿಸಿಕೊಳ್ಳಬೇಕು.