ಗಂಧ ಒಣಗದ ಜಾಗ

ಯೂನಿಟ್ ಟೆಸ್ಟ್ ಅಂದರೇನು ಅಂತ ಹೊಸಬರು ಕೇಳಿದಾಗ ನಾನು ಬೇಲೂರಿನ ಕತೆ ಹೇಳ್ತೀನಿ. ನಮ್ಮ ಅರಸೀಕೆರೆ ಕಡೆ ಇದು ಮನೆಮನೆಯ ಕತೆ. ಜಕಣಾಚಾರಿ ಚೆನ್ನಿಗರಾಯನ ಮೂರ್ತಿ ಕಡೆದು ಮುಗಿಸಿದ್ದಾನೆ. ಎಲ್ಲಿಂದಲೋ ಬಂದ ಹುಡುಗ ಕಲ್ಲಿನಲ್ಲಿ ದೋಷವಿದೆ ಅಂತಾನೆ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ತೀನಿ ಅಂತ ಶಿಲ್ಪಿಯ ಪಣ. ಹುಡುಗ ವಾದಕ್ಕಿಳಿಯಲ್ಲ, ಮೂರ್ತಿಗೆಲ್ಲ ಗಂಧ ಬಳಿಸ್ತಾನೆ. ಮೈಯೆಲ್ಲ ಒಣಗುತ್ತೆ, ಹೊಕ್ಕುಳ ಹತ್ತಿರ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೊತೆಗೊಂದು ಕಪ್ಪೆ! ಕೈ ಹೋಯ್ತು. ಹುಡುಗ ತನ್ನದೇ ಮಗ ಡಂಕಣ ಅಂತ ಆಮೇಲೆ ಗೊತ್ತಾಯ್ತು.

ಇದು ಐತಿಹ್ಯ, ಇತಿಹಾಸವಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ನಿಜವಾದ ಶಿಲ್ಪಿಗಳ ಸಹಿಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂಥವರು. ಹಳೇಬೀಡಿನಲ್ಲೂ ಸಹಿಗಳಿವೆ. ಆದರೆ ಈ ಕತೆ ಕಟ್ಟಿದವರಿಗೆ ಪರೀಕ್ಷೆ ಅಂದರೇನು ಅಂತ ಚೆನ್ನಾಗಿ ಗೊತ್ತಿತ್ತು. ಗಂಧದ ಪರೀಕ್ಷೆಗೆ ಖರ್ಚಿಲ್ಲ. ಉತ್ತರ ಒಣಗಿತು ಅಥವಾ ಒಣಗಲಿಲ್ಲ, ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತೆ.

ಕೆಂಟ್ ಬೆಕ್ 1994ರಲ್ಲಿ ಸ್ಮಾಲ್‌ಟಾಕ್ ಭಾಷೆಗಾಗಿ ಬರೆದ ಪುಟ್ಟ ಚೌಕಟ್ಟಿನ ಆಸೆಯೂ ಇದೇ. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಅದನ್ನು ಜಾವಾಕ್ಕೆ ತಂದರು, ಅದೇ ಜೆಯೂನಿಟ್. ಸಿ ಭಾಷೆಯ ಮಿನ್‌ಯೂನಿಟ್ ಅಂತೂ ಮೂರೇ ಸಾಲು: ಎರಡು ಮ್ಯಾಕ್ರೋ, ಎಷ್ಟು ಟೆಸ್ಟ್ ಓಡಿತು ಅಂತ ಎಣಿಸೋಕೆ ಒಂದು ಸಂಖ್ಯೆ. 100 ರೂಪಾಯಿಗೆ 18% ಜಿಎಸ್‌ಟಿ ಸೇರಿದರೆ 118 ಬರುತ್ತಾ ಅಂತ ಕೇಳಿ. ಬಂದರೆ ಮುಂದಿನ ಟೆಸ್ಟ್. ಬರದಿದ್ದರೆ ಅಲ್ಲೇ ನಿಂತು, ನೀವು ಬರೆದಿಟ್ಟ ಸಂದೇಶವನ್ನು ವಾಪಸ್ ಕೊಡುತ್ತೆ. ಕಲಿಯೋಕೆ ಹತ್ತು ನಿಮಿಷ ಸಾಕು. ಹಾಗಾಗಿ 'ಟೈಮ್ ಇಲ್ಲ' ಅನ್ನೋ ನೆಪ ಇಲ್ಲಿ ನಡೆಯಲ್ಲ.

ಕೇಳದೆ ಬಿಟ್ಟ ಒಂದು ಪ್ರಶ್ನೆಯ ಬೆಲೆ ಎಷ್ಟು? 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಚೂರುಚೂರಾಯ್ತು. ಏರಿಯಾನ್ 4ರಲ್ಲಿ ಸರಿಯಾಗಿ ನಡೆದಿದ್ದ ಕೋಡನ್ನೇ ಇದಕ್ಕೂ ಹಾಕಿದ್ದರು. ಹೊಸ ರಾಕೆಟ್‌ನ ವೇಗ ಜಾಸ್ತಿ. 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. 32,767 ದಾಟಿದರೆ ಏನಾಗುತ್ತೆ ಅಂತ ನೆಲದ ಮೇಲೆ ಯಾರೂ ಕೇಳಿ ನೋಡಿರಲಿಲ್ಲ. ನಾಲ್ಕು ಉಪಗ್ರಹಗಳೂ ಹೋದವು.

ಡಂಕಣನ ಪರೀಕ್ಷೆಯಲ್ಲಿ ಒಂದೇ ಕೊರತೆ: ಅದು ನಡೆದದ್ದು ಮೂರ್ತಿ ಮುಗಿದ ಮೇಲೆ. ಅದೇ ಗುಡಿಯ ಮದನಿಕೆಯರನ್ನು ನೋಡಿ. ಒಬ್ಬೊಬ್ಬಳೂ ಬೇರೆಯಾಗಿ ಕಡೆದು, ಆಮೇಲೆ ಸೂರಿನ ಕೆಳಗೆ ಕೂರಿಸಿದ ಬಿಡಿ ಶಿಲ್ಪ. ಕೆಲವರಿಗೆ ಕಡೆದವನ ಹೆಸರೂ ಇದೆ. ಒಂದು ಕಲ್ಲು ಕೆಟ್ಟರೆ ಆ ಒಂದನ್ನು ಮತ್ತೆ ಕಡೆದರಾಯ್ತು. ನಾವು ಬರೆಯುವ ಫಂಕ್ಷನ್‌ಗಳೂ ಹೀಗೇ ಬಿಡಿಬಿಡಿಯಾಗಿರಬೇಕು, ಮೇಲೇರಿಸುವ ಮೊದಲೇ ಗಂಧ ಬಳಿದು ನೋಡಬೇಕು.

ಕೈದಾಳದಲ್ಲಿ ಜಕಣಾಚಾರಿಗೆ ಹೋದ ಕೈ ಮತ್ತೆ ಬಂತು ಅಂತ ಕತೆ ಮುಗಿಯುತ್ತೆ. ಪ್ರೊಡಕ್ಷನ್‌ನಲ್ಲಿ ಅಂಥ ದೇವರನ್ನು ನಂಬಿಕೊಂಡು ಕೂರೋಕಾಗಲ್ಲ. ಇವತ್ತು ಬರೆದ ಫಂಕ್ಷನ್‌ಗೆ ಇವತ್ತೇ ಒಂದು ಟೆಸ್ಟ್ ಬರೆದುಬಿಡಿ.