ನರ್ಮದೆಯ ಆಚೆ ದಡದ ವಿಜ್ಞಾನ ಪಾಠ

ಮಾರ್ಚಿ ತಿಂಗಳು ಬಂತೆಂದರೆ ಸರೋಜಿನಿ ನಗರದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆಯಲ್ಲೆಲ್ಲ ಮಾತು ಒಂದೇ: ಯಾರ ಮಗನಿಗೆ ಎಲ್ಲಿ ಟ್ಯೂಷನ್, ಯಾವ ಮೇಷ್ಟ್ರ ನೋಟ್ಸು ಒಳ್ಳೆಯದು. ನಾವೂ ಇದಕ್ಕೆ ಹೊರತಲ್ಲ. ಆದರೆ ಪಾಠ ಹೇಳುವ ರೀತಿಯನ್ನೇ ಬದಲಿಸಿದರೆ ಮಕ್ಕಳ ಕಲಿಕೆ ಏನಾದೀತೆಂದು ನಿಜವಾಗಿ ಪ್ರಯೋಗ ಮಾಡಿ ನೋಡಿದ ಊರೊಂದನ್ನು ನಾವು ಬೆಂಗಳೂರಿಗೆ ಹೋಗುವಾಗಲೆಲ್ಲ ದಾಟುತ್ತೇವೆ. ಕರ್ನಾಟಕ ಎಕ್ಸ್‌ಪ್ರೆಸ್ ಭೋಪಾಲ ಬಿಟ್ಟ ಮೇಲೆ ನರ್ಮದೆಯ ಸೇತುವೆ ಬರುತ್ತದೆ. ನಮ್ಮವರು ಕೈಮುಗಿದು ಕಾಸು ಎಸೆಯುತ್ತಾರೆ. ಆಚೆ ದಡದ ಊರೇ ಹೋಶಂಗಾಬಾದ್. ಈಗ ಅದರ ಹೆಸರು ನರ್ಮದಾಪುರಂ.

1972ರಲ್ಲಿ ಕಿಶೋರ ಭಾರತಿ ಹಾಗೂ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು, ರಾಜ್ಯ ಸರ್ಕಾರದ ಒಪ್ಪಿಗೆ ಪಡೆದು, ಈ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಕ್ರಮವನ್ನೇ ಬದಲಿಸಿದವು. ಮೇಷ್ಟ್ರು ಭಾಷಣ ಮಾಡುವಂತಿಲ್ಲ. ಆರರಿಂದ ಎಂಟನೆಯ ತರಗತಿಯ ಮಕ್ಕಳು ನಾಲ್ಕು ನಾಲ್ಕು ಮಂದಿ ಕುಳಿತು ಪ್ರಯೋಗ ಮಾಡಬೇಕು, ಕಂಡದ್ದನ್ನು ತಮ್ಮ ಮಾತಿನಲ್ಲೇ ಬರೆಯಬೇಕು. ‘ಬಾಲ ವೈಜ್ಞಾನಿಕ’ವೆಂಬ ಅವರ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಸಿದ್ಧ ಉತ್ತರಗಳಿರಲಿಲ್ಲ. ಸಂದೇಹ ಬಂದವರು ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆಯಬಹುದಿತ್ತು! ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಹೋಗಿ ಹಳ್ಳಿಯ ಮೇಷ್ಟ್ರುಗಳೊಡನೆ ಕುಳಿತು ಕೆಲಸ ಮಾಡಿದರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು.

ಇದನ್ನು ಓದಿದಾಗ ನಮಗೆ ನಮ್ಮ ಬಿ.ಎಸ್‌ಸಿ. ದಿನಗಳು ನೆನಪಾದವು. ಲವಣ ಪರೀಕ್ಷೆಯ ದಿನ ಪ್ರಯೋಗಾಲಯದ ಜವಾನನ ಕೈ ಬಿಸಿ ಮಾಡಿದರೆ ಲವಣದ ಹೆಸರು ಕಿವಿಗೆ ಬೀಳುತ್ತಿತ್ತು. ನಾವು ಮೊದಲು ಉತ್ತರ ಬರೆದು ಆಮೇಲೆ ಪ್ರಯೋಗ ಮಾಡಿದವರು.

ಹೋಶಂಗಾಬಾದಿನವರು ಪರೀಕ್ಷೆಯನ್ನೂ ಬದಲಿಸಿದ್ದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಬರೆಯುತ್ತಿದ್ದರು. ಜೊತೆಗೆ ಪ್ರಯೋಗದ ಪರೀಕ್ಷೆಯೂ ಇತ್ತು. ತೊಡಕು ಇದ್ದದ್ದು ಇಲ್ಲೇ. ಒಂಬತ್ತನೆಯ ತರಗತಿಗೆ ಕಾಲಿಟ್ಟೊಡನೆ ಅದೇ ಹಳೆಯ ಪಾಠ, ಅದೇ ಬಾಯಿಪಾಠ. ಈ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆಂಬುದು ವಿರೋಧಿಗಳ ದೂರಾಗಿತ್ತು. 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ತಂದೆತಾಯಿಗಳ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಅಂಕಪಟ್ಟಿಯಿಂದಲೇ ನೌಕರಿ ಕಂಡವರು ನಾವು. ಆದರೂ ಈಜು ಕಲಿತವನನ್ನು ಓಟದಲ್ಲಿ ಅಳೆದಂತಾಯಿತೆಂದೇ ನಮ್ಮ ಅನಿಸಿಕೆ.

ನಮ್ಮ ಮಕ್ಕಳ ಸಿ.ಬಿ.ಎಸ್.ಇ. ಮಂಡಳಿಯೂ 2014ರಲ್ಲಿ ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ತೆರೆದ ಪಠ್ಯದ ಪರೀಕ್ಷೆ ತಂದು, 2017ರಲ್ಲಿ ಕೈಬಿಟ್ಟಿತು. ಪುಸ್ತಕವನ್ನೇನೋ ತೆರೆದರು, ಪಾಠದ ರೀತಿ ಹಾಗೆಯೇ ಉಳಿಯಿತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೊರಟಾಗ, ಅದೇ ಸೇತುವೆಯ ಮೇಲೆ ನಮ್ಮ ಮಗ ಕೇಳಿದ: “ಅಪ್ಪಾ, ಎಸೆದ ಕಾಸು ನೇರ ಕೆಳಗೆ ಬೀಳುತ್ತೋ, ಗಾಡಿಯ ಜೊತೆ ಮುಂದಕ್ಕೆ ಹೋಗಿ ಬೀಳುತ್ತೋ?” ಬಿ.ಎಸ್‌ಸಿ. ಓದಿದ ನಾವು, “ನಿನ್ನ ಪುಸ್ತಕದಲ್ಲೇ ಇರುತ್ತೆ, ನೋಡ್ಕೋ” ಎಂದುಬಿಟ್ಟೆವು.