ನುಂಗಿ ಎಷ್ಟು ದಿನವಾಯ್ತು?

ಕ್ಯಾಲನೂರಿನ ನನ್ನ ಔಷಧಿ ಅಂಗಡಿಗೆ ಬರುವವರ ಲೆಕ್ಕದಲ್ಲಿ ಮಾತ್ರೆ ಎರಡೇ ಬಗೆ: ಮೈಗೆ ಆಗಿಬರುವುದು, ಆಗಿಬರದ್ದು. ಡಾಕ್ಸಿಸೈಕ್ಲಿನ್ ನುಂಗಿ ಹೊಟ್ಟೆ ತೊಳಸಿದರೂ ಅಲರ್ಜಿಯೇ, ಪೆನ್ಸಿಲಿನ್ ಸೂಜಿಗೆ ಉಸಿರು ಕಟ್ಟಿದರೂ ಅಲರ್ಜಿಯೇ. ಮೊದಲನೆಯದು ಆ ಔಷಧಿಯ ಗುಣ, ಊಟದ ಮೇಲೆ ನುಂಗಿದರೆ ತಗ್ಗುತ್ತದೆ. ಎರಡನೆಯದು ಪ್ರಾಣಕ್ಕೇ ಬರುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು, "ಎಷ್ಟು ಹೊತ್ತಿಗೆ ಬಂತಮ್ಮ?" ಅಂತ. ಅಲರ್ಜಿಗಳನ್ನು ವಿಂಗಡಿಸುವ ವಿದ್ಯೆ ಬೆಳೆದದ್ದೂ ಈ ಲೆಕ್ಕದಿಂದಲೇ.

ವಿಯೆನ್ನಾದಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ, ಬೇಲಾ ಶಿಕ್ ಎಂಬ ಇಬ್ಬರು ಮಕ್ಕಳ ಡಾಕ್ಟರಿದ್ದರು. ಗಂಟಲುಮಾರಿ ಬಂದ ಮಕ್ಕಳಿಗೆ ಆಗ ಕುದುರೆ ರಕ್ತದಿಂದ ತೆಗೆದ ಸೀರಂ ಚುಚ್ಚುತ್ತಿದ್ದರು. ಮಗು ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ, ಎಂಟು ಹತ್ತು ದಿನಕ್ಕೆ, ಜ್ವರ, ದದ್ದು, ಕೀಲುನೋವು. ಅದೇ ಮಗುವಿಗೆ ಇನ್ನೊಮ್ಮೆ ಸೀರಂ ಕೊಟ್ಟರೆ ಇದೆಲ್ಲ ಬೇಗನೆ, ಒಮ್ಮೊಮ್ಮೆ ಅದೇ ದಿನ. ದೋಷ ಸೀರಮ್ಮಿನಲ್ಲೇ ಇದ್ದಿದ್ದರೆ ಎರಡು ಸಲವೂ ಅಷ್ಟೇ ದಿನ ಹಿಡಿಯಬೇಕಿತ್ತಲ್ಲ? ಮೈ ಒಳಗೊಳಗೇ ಸಿದ್ಧವಾಗುತ್ತದೆ ಎಂದು ಅವರು ತರ್ಕಿಸಿದರು. 1905ರಲ್ಲಿ ಪುಸ್ತಕ ಬಂತು. ಮರುವರ್ಷ ಪಿರ್ಕೆ 'ಅಲರ್ಜಿ' ಎಂಬ ಹೆಸರಿಟ್ಟ.

ಕುದುರೆ ಸೀರಂ ನಮಗೇನೂ ದೂರದ ಮಾತಲ್ಲ. ರಾತ್ರಿ ಕರೆಂಟು ಬಂದಾಗ ಟೊಮೇಟೊ ತೋಟಕ್ಕೆ ನೀರು ಕಟ್ಟಲು ಹೋಗಿ ಕೊಳಕುಮಂಡಲ ಕಚ್ಚಿಸಿಕೊಂಡವರಿಗೆ ಕೊಡುವ ಔಷಧಿಯೂ ಕುದುರೆ ರಕ್ತದ್ದೇ. ಆಸ್ಪತ್ರೆಯಿಂದ ಮನೆಗೆ ಬಂದು ವಾರ ಕಳೆದ ಮೇಲೆ ಕೀಲು ಬಾತು ಮೈ ಕೆರೆತ ಶುರುವಾದರೆ, ವಿಷ ಇನ್ನೂ ಇಳಿದಿಲ್ಲ ಎಂದು ಮಂತ್ರ ಹಾಕುವವರ ಹತ್ತಿರ ಹೊರಡುತ್ತಾರೆ. ಅದು ಹಾವಿನ ವಿಷವಲ್ಲ, ವಿಯೆನ್ನಾದ ಮಕ್ಕಳಿಗೆ ಬಂದ ಅದೇ ಕಾಯಿಲೆ ಎಂದು ಹೇಳಿ ನಾನು ಡಾಕ್ಟರ ಬಳಿ ಓಡಿಸುತ್ತೇನೆ.

ನಿಮಿಷಗಳ ಲೆಕ್ಕ ಬಂದದ್ದು ಫ್ರಾನ್ಸಿನಿಂದ. 1902ರಲ್ಲಿ ಷಾರ್ಲ್ ರಿಷೆ, ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಕಡಲಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡಿದರು. ಮೊದಲ ಸಲ ತಡೆದುಕೊಂಡ ನಾಯಿ ವಾರಗಳ ನಂತರ ಚೂರೇ ಚೂರು ಕೊಟ್ಟಿದ್ದಕ್ಕೆ ನಿಮಿಷಗಳಲ್ಲೇ ಸತ್ತುಬಿತ್ತು.

ಇವನ್ನೆಲ್ಲ ನಾಲ್ಕು ಗೂಡಿಗೆ ಹಾಕಿದವರು ಬ್ರಿಟನ್ನಿನ ಜೆಲ್ ಮತ್ತು ಕೂಂಬ್ಸ್, 1963ರಲ್ಲಿ. ನಿಮಿಷಗಳಲ್ಲಿ ಬರುವ ದದ್ದು, ಉಸಿರುಕಟ್ಟು ಒಂದನೆಯದು. ರಕ್ತಕಣಗಳನ್ನೇ ಒಡೆಯುವುದು ಎರಡನೆಯದು. ಸೀರಂ ಕಾಯಿಲೆ ಮೂರನೆಯದು. ದಿನ ಕಳೆದು ಚರ್ಮದ ಮೇಲೆ ಏಳುವಂಥವು ನಾಲ್ಕನೆಯದು. ಪೆನ್ಸಿಲಿನ್ ಒಂದೇ ಈ ನಾಲ್ಕನ್ನೂ ಮಾಡಬಲ್ಲದು! ಅಂದರೆ ವಿಂಗಡಿಸಿದ್ದು ಔಷಧಿಗಳನ್ನಲ್ಲ, ಮೈಯ ವರ್ತನೆಯನ್ನು. ಗೂಡುಗಳೇನೋ ಚೆನ್ನ, ಆದರೆ ಎಲ್ಲವೂ ಅದರೊಳಗೆ ಕೂರುವುದಿಲ್ಲ. ನೋವಿನ ಮಾತ್ರೆಗೆ ಮುಖ ಊದುವುದು ಒಂದನೆಯದರಂತೆ ಕಂಡರೂ ಬಹಳ ಸಲ ಒಳಗಿನ ದಾರಿ ಬೇರೆ. ನಾಲ್ಕನೆಯದನ್ನಂತೂ ಆಮೇಲೆ ಮತ್ತೆ ನಾಲ್ಕಾಗಿ ಒಡೆದರು. ಹಾಗಾಗಿ ಈಗಿನ ತಜ್ಞರೂ ಮೊದಲು ನೋಡುವುದು ಗಡಿಯಾರ: ಒಂದು ಗಂಟೆಯೊಳಗೆ ಬಂತೋ, ಆಮೇಲೋ?

ಈ ನಾಲ್ಕನೆಯ ಗೂಡಿನಲ್ಲೇ ನನಗೆ ಹೆಚ್ಚು ಭಯ. ಸಲ್ಫಾ ನುಂಗಿದಾಗೆಲ್ಲ ತುಟಿಯ ಅದೇ ಜಾಗದಲ್ಲಿ ಕಪ್ಪು ಕಲೆ ಕೆರಳುವುದು ಅಷ್ಟು ಅಪಾಯವಲ್ಲ. ಆದರೆ 1922ರಲ್ಲಿ ನ್ಯೂಯಾರ್ಕಿನ ಸ್ಟೀವನ್ಸ್, ಜಾನ್ಸನ್ ಎಂಬ ಡಾಕ್ಟರುಗಳು ಇಬ್ಬರು ಮಕ್ಕಳಲ್ಲಿ ಕಂಡು ಬರೆದಿಟ್ಟ ಕಾಯಿಲೆಯಿದೆ. ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯುತ್ತದೆ. ಮೂರ್ಛೆರೋಗದ ಕಾರ್ಬಮಜಪೀನ್, ಫೆನಿಟಾಯಿನ್ ಮಾತ್ರೆಗಳಿಂದ ಇದು ಬರುವುದು ಸಾಮಾನ್ಯವಾಗಿ ಶುರು ಮಾಡಿದ ಮೊದಲ ಎರಡು ತಿಂಗಳೊಳಗೆ. ಮೂರು ವಾರದಿಂದ ನುಂಗುತ್ತಿರುವ ಮಾತ್ರೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ನಿನ್ನೆ ತಿಂದ ಬದನೆಕಾಯಿ ನಂಜಾಯಿತು ಅನ್ನುತ್ತಾರೆ. ಜ್ವರದ ಜೊತೆ ಬಾಯಿಯೂ ಹುಣ್ಣಾಗಿದೆ ಅಂದರೆ ನಾನು ಮುಲಾಮು ಕೊಡುವುದಿಲ್ಲ. ಚೀಟಿಯ ಮೇಲೆ ಮಾತ್ರೆಯ ಹೆಸರು, ಶುರು ಮಾಡಿದ ತಾರೀಖು ಬರೆದು, ಅವತ್ತೇ ಕೋಲಾರಕ್ಕೆ ಬಸ್ಸು ಹತ್ತಿಸುತ್ತೇನೆ.